ಸಫಾರಿಗೆ ಹೊರಡುವ ಮುನ್ನ: ಹನ್ನೆರಡು ವಾರಗಳ ಮನೆಪಾಠ



ಥಾರ್ನ್ಲಿಯ ಸುತ್ತಮುತ್ತಲಿನ ನಮ್ಮ ಕನ್ನಡ ಮನೆಗಳಲ್ಲಿ ಈಗೀಗ ಒಂದು ಹೊಸ ಮಾತು ಕೇಳಿಬರುತ್ತಿದೆ. ಬಾಲಿ ಆಯಿತು, ಸಿಂಗಪುರ ಆಯಿತು, ಎರಡು ವರ್ಷಕ್ಕೊಮ್ಮೆ ಬೆಂಗಳೂರು ಹೇಗೂ ಇದ್ದೇ ಇದೆ, ಈ ಸಲ ಮಕ್ಕಳಿಗೆ ಆಫ್ರಿಕಾ ತೋರಿಸೋಣ ಎಂಬ ಮಾತು. ನಾವು ಎರಡು ಸಲ ಹೋಗಿ ಬಂದಿದ್ದೇವೆ. ಒಮ್ಮೆ ನಾವಿಬ್ಬರು ಮತ್ತು ಇಬ್ಬರು ಮಕ್ಕಳು ಕೀನ್ಯಾಕ್ಕೆ. ಇನ್ನೊಮ್ಮೆ ಮೈಸೂರಿನಿಂದ ಬಂದಿದ್ದ ಅತ್ತೆಯವರನ್ನೂ ಕರೆದುಕೊಂಡು ದಕ್ಷಿಣ ಆಫ್ರಿಕಾಕ್ಕೆ. ಅಂದಿನಿಂದ ಫೋನಿನಲ್ಲಿ, ಹಬ್ಬದೂಟದ ಸಾಲಿನಲ್ಲಿ, ಮಕ್ಕಳ ಕನ್ನಡ ಕ್ಲಾಸಿನ ಬಾಗಿಲಲ್ಲಿ ಒಂದೇ ಪ್ರಶ್ನೆ: "ಏನೇನು ತಯಾರಿ ಬೇಕು?" ಎಲ್ಲರಿಗೂ ಒಟ್ಟಿಗೆ ಹೇಳಿದಂತಾಗಲಿ ಎಂದು ಈ ಲೇಖನ.

ಮೊದಲೇ ಒಂದು ಮಾತು. ನಾವು ಕನ್ನಡಿಗರು ಕಾಡು ಕಂಡವರು. ಕಬಿನಿ, ಬಂಡೀಪುರ, ನಾಗರಹೊಳೆ ಸುತ್ತಿದವರು. ಸೊಳ್ಳೆಯಂತೂ ನಮಗೆ ಬಾಲ್ಯದ ನೆಂಟ! ಹಾಗಾಗಿ "ನಮಗೇನು ಹೊಸದೇ?" ಎಂಬ ಧೈರ್ಯ ನಮ್ಮಲ್ಲಿ ಸ್ವಲ್ಪ ಜಾಸ್ತಿ. ಆಫ್ರಿಕಾ ಪ್ರವಾಸಕ್ಕೆ ದೊಡ್ಡ ಅಪಾಯ ಸಿಂಹದಿಂದಲ್ಲ, ಈ ಧೈರ್ಯದಿಂದ. ಬೇಕಾದದ್ದು ದುಬಾರಿ ಸಾಮಾನೂ ಅಲ್ಲ, ಹನ್ನೆರಡು ವಾರಗಳ ಸಮಯ ಮತ್ತು ಸ್ವಲ್ಪ ಶಿಸ್ತು. ಒಂದೊಂದಾಗಿ ನೋಡೋಣ.

೧. ಎಲ್ಲಿಗೆ, ಯಾವಾಗ?

ಆಫ್ರಿಕಾ ಒಂದು ದೇಶವಲ್ಲ, ಖಂಡ. ಸಫಾರಿಗೆ ಹೊಸಬರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಒಂದು ಪೂರ್ವ ಆಫ್ರಿಕಾ, ಅಂದರೆ ಕೀನ್ಯಾದ ಮಸಾಯ್ ಮಾರಾ, ಟಾಂಜಾನಿಯಾದ ಸೆರೆಂಗೆಟಿ ಮತ್ತು ಗೊರೊಂಗೊರೊ. ಇನ್ನೊಂದು ದಕ್ಷಿಣ ಆಫ್ರಿಕಾ, ಅಂದರೆ ಕ್ರೂಗರ್, ಪಿಲಾನ್ಸ್‌ಬರ್ಗ್, ಆಡೋ.

ಪರ್ತ್‌ನವರಿಗೆ ಹತ್ತಿರದ್ದು ಜೊಹಾನ್ಸ್‌ಬರ್ಗ್. ಸೌತ್ ಆಫ್ರಿಕನ್ ಏರ್‌ವೇಸ್ 2020ರಲ್ಲಿ ನಿಂತಿದ್ದ ನೇರ ವಿಮಾನವನ್ನು 2024ರ ಏಪ್ರಿಲ್‌ನಲ್ಲಿ ಮತ್ತೆ ಶುರು ಮಾಡಿತು. ಹೋಗುವಾಗ ಸುಮಾರು 11 ಗಂಟೆ, ಬರುವಾಗ ಗಾಳಿ ಹಿಂದಿನಿಂದ ಬೀಸುವುದರಿಂದ ಅದಕ್ಕಿಂತ ಕಡಿಮೆ. ಅಡಿಲೇಡ್, ಬ್ರಿಸ್ಬೇನ್ ಗೆಳೆಯರು ಪರ್ತ್ ಅಥವಾ ಸಿಡ್ನಿ ಮೂಲಕ ಹೋಗಬಹುದು. ಪೂರ್ವ ಆಫ್ರಿಕಾಕ್ಕಾದರೆ ದುಬೈ, ದೋಹಾ ಅಥವಾ ಜೊಹಾನ್ಸ್‌ಬರ್ಗ್‌ನಲ್ಲಿ ವಿಮಾನ ಬದಲಿಸಬೇಕು.

ಇನ್ನು ಶಾಲೆಯ ರಜೆಗೂ ಕಾಡಿನ ಋತುವಿಗೂ ಹೊಂದಿಸುವ ಲೆಕ್ಕ:

- ಏಪ್ರಿಲ್ ರಜೆ: ಪೂರ್ವ ಆಫ್ರಿಕಾದಲ್ಲಿ ದೊಡ್ಡ ಮಳೆಗಾಲ (ಮಾರ್ಚ್‌ನಿಂದ ಮೇ). ದರ ಕಡಿಮೆ, ಕೆಸರು ಜಾಸ್ತಿ.
- ಜುಲೈ ರಜೆ: ಎರಡೂ ಕಡೆ ಒಣ ಹವೆ. ಹುಲ್ಲು ಗಿಡ್ಡ, ಪ್ರಾಣಿಗಳು ನೀರಿನ ಬಳಿಗೇ ಬರುತ್ತವೆ. ಲಕ್ಷಾಂತರ ವೈಲ್ಡ್‌ಬೀಸ್ಟ್‌ಗಳು ಸೆರೆಂಗೆಟಿಯಿಂದ ಮಾರಾ ನದಿ ದಾಟುವ ಕಾಲವೂ ಸರಿಸುಮಾರು ಜುಲೈನಿಂದ ಅಕ್ಟೋಬರ್. ಆದರೆ ದರವೂ ಮೇಲೆ. ಮಸಾಯ್ ಮಾರಾದಲ್ಲಿ 2024ರಿಂದ ವಿದೇಶಿ ವಯಸ್ಕರ ಪ್ರವೇಶ ಶುಲ್ಕ ವರ್ಷದ ಮೊದಲರ್ಧದಲ್ಲಿ ದಿನಕ್ಕೆ 100 ಅಮೆರಿಕನ್ ಡಾಲರ್, ಜುಲೈನಿಂದ 200 ಡಾಲರ್. ಪ್ಯಾಕೇಜಿನ ಬೆಲೆಯಲ್ಲಿ ಇದು ಸೇರಿದೆಯೇ ಎಂದು ಕೇಳಿಯೇ ಮುಂದುವರಿಯಿರಿ.
- ಸೆಪ್ಟೆಂಬರ್-ಅಕ್ಟೋಬರ್ ರಜೆ: ಈಗಲೂ ಒಣ ಕಾಲ, ಬಿಸಿಲು ಏರುತ್ತದೆ. ನೋಡಲು ಒಳ್ಳೆಯ ಸಮಯ.
- ಡಿಸೆಂಬರ್-ಜನವರಿ ರಜೆ: ಕಾಡು ಹಸಿರು. ಜನವರಿ ಕೊನೆಗೆ ಸೆರೆಂಗೆಟಿಯ ದಕ್ಷಿಣದಲ್ಲಿ ವೈಲ್ಡ್‌ಬೀಸ್ಟ್ ಮರಿ ಹಾಕುವ ಕಾಲ ಶುರು. ಕ್ರೂಗರ್‌ನಲ್ಲಿ ಮಾತ್ರ ಇದು ಮಲೇರಿಯಾ ಕಾಲ.

೨. ಕಾಗದ ಪತ್ರ (ಹನ್ನೆರಡು ವಾರ ಮುಂಚೆ)

ಒಂದೇ ಮನೆಯಲ್ಲಿ ಎರಡು ಬಣ್ಣದ ಪಾಸ್‌ಪೋರ್ಟ್ ಇರುವುದು ನಮ್ಮಲ್ಲಿ ಸಾಮಾನ್ಯ. ಆಸ್ಟ್ರೇಲಿಯಾ ಪಾಸ್‌ಪೋರ್ಟಿಗೆ ದಕ್ಷಿಣ ಆಫ್ರಿಕಾದಲ್ಲಿ ಅಲ್ಪಾವಧಿಯ ಪ್ರವಾಸಕ್ಕೆ ವೀಸಾ ಬೇಡ, ಭಾರತದ ಪಾಸ್‌ಪೋರ್ಟಿಗೆ ಬೇಕು. ಕೀನ್ಯಾ 2024ರ ಜನವರಿಯಿಂದ ವೀಸಾ ತೆಗೆದು ಆನ್‌ಲೈನ್ ಪ್ರಯಾಣ ಅನುಮತಿ ತಂದಿದೆ. ಅದನ್ನು ಕೂಸಿನಿಂದ ಅಜ್ಜಿಯವರೆಗೆ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹಾಕಬೇಕು. ಟಾಂಜಾನಿಯಾಕ್ಕೆ ವೀಸಾ ಬೇಕು. ನಿಯಮಗಳು ಬದಲಾಗುತ್ತಿರುತ್ತವೆ, ಟಿಕೆಟ್ ಕೊಳ್ಳುವ ಮೊದಲು ಆಯಾ ಸರ್ಕಾರದ ತಾಣವನ್ನೂ ನಮ್ಮ ಸ್ಮಾರ್ಟ್‌ಟ್ರಾವೆಲರ್ ತಾಣವನ್ನೂ ನೋಡಿ.

ಪಿಆರ್ ಇರುವವರು ಇನ್ನೊಂದನ್ನು ಗಮನಿಸಿ. ಪಿಆರ್ ಶಾಶ್ವತವಾದರೂ ಅದರ ಪ್ರಯಾಣ ಸೌಲಭ್ಯ ಸಾಮಾನ್ಯವಾಗಿ 5 ವರ್ಷಕ್ಕೆ ಮುಗಿಯುತ್ತದೆ. ಮುಗಿದಿದ್ದರೆ ಹೋಗುವುದು ಸುಲಭ, ವಾಪಸು ಬರುವುದು ಕಷ್ಟ!

ಇನ್ನೊಂದು ನಮ್ಮದೇ ಆದ ತೊಡಕು: ಹೆಸರು. ಅಪ್ಪನಿಗೆ ಊರಿನ ಹೆಸರು, ಅಮ್ಮನಿಗೆ ತವರಿನ ಇನಿಷಿಯಲ್, ಮಗುವಿಗೆ ಅಪ್ಪನ ಹೆಸರೇ ಸರ್‌ನೇಮ್. ಮೂರು ಪಾಸ್‌ಪೋರ್ಟಿನಲ್ಲಿ ಮೂರು ಬೇರೆ ಕೊನೆಯ ಹೆಸರು! ಗಡಿಯಲ್ಲಿ ಕುಳಿತ ಅಧಿಕಾರಿಗೆ ನಮ್ಮ ನಾಮಕರಣ ಶಾಸ್ತ್ರ ಗೊತ್ತಿರುವುದಿಲ್ಲ. ಮಕ್ಕಳ ಪೂರ್ಣ ಜನನ ಪ್ರಮಾಣಪತ್ರವನ್ನು, ಅಂದರೆ ತಂದೆ ತಾಯಿ ಇಬ್ಬರ ಹೆಸರೂ ಇರುವುದನ್ನು, ಜೊತೆಗಿಡಿ. ಒಬ್ಬರೇ ಪೋಷಕರು ಮಗುವನ್ನು ಕರೆದೊಯ್ಯುತ್ತಿದ್ದರೆ ಇನ್ನೊಬ್ಬರ ಒಪ್ಪಿಗೆ ಪತ್ರವೂ ಇರಲಿ.

೩. ಸೂಜಿ ಮತ್ತು ಮಾತ್ರೆ (ಎಂಟರಿಂದ ಹನ್ನೆರಡು ವಾರ ಮುಂಚೆ)

ಈ ಲೇಖನದಲ್ಲಿ ಒಂದೇ ಒಂದು ಭಾಗ ಓದುವುದಾದರೆ ಇದನ್ನು ಓದಿ.

ಮೊದಲನೆಯದು ಹಳದಿ ಜ್ವರ. ಇದು ಸೊಳ್ಳೆಯಿಂದ ಬರುವ ವೈರಸ್ ಕಾಯಿಲೆ. ಭಾರತದಲ್ಲಿ ಇದು ಇಲ್ಲ, ಆದರೆ ಇದನ್ನು ಹರಡಬಲ್ಲ ಸೊಳ್ಳೆ ಧಾರಾಳವಾಗಿದೆ. ಆದ್ದರಿಂದಲೇ ಭಾರತದ ನಿಯಮ ಬಹಳ ಕಟ್ಟುನಿಟ್ಟು. ನಮ್ಮಲ್ಲಿ ಅನೇಕರು "ಹೇಗೂ ಅಷ್ಟು ದೂರ ಹೋಗಿದ್ದೇವೆ, ನೈರೋಬಿಯಿಂದ ಮುಂಬೈ, ಅಲ್ಲಿಂದ ಬೆಂಗಳೂರು ಮುಗಿಸಿಕೊಂಡೇ ಬರೋಣ" ಎಂದು ಲೆಕ್ಕ ಹಾಕುತ್ತಾರೆ. ಕೀನ್ಯಾದಂಥ ದೇಶದಿಂದ ಹೊರಟ 6 ದಿನದೊಳಗೆ ಭಾರತದಲ್ಲಿ ಇಳಿದರೆ ಲಸಿಕೆಯ ಪ್ರಮಾಣಪತ್ರ ತೋರಿಸಬೇಕು. ಇಲ್ಲದಿದ್ದರೆ ಆ ಅವಧಿ ತುಂಬುವವರೆಗೆ ಪ್ರತ್ಯೇಕ ವಾಸದಲ್ಲಿ ಇಡಬಹುದು. ಅಣ್ಣನ ಮಗಳ ಮದುವೆಗೆಂದು ಬಂದವರು ವಿಮಾನ ನಿಲ್ದಾಣದ ಪಕ್ಕದಲ್ಲೇ ಉಳಿಯಬೇಕಾದೀತು! ಆಸ್ಟ್ರೇಲಿಯಾಕ್ಕೆ ನೇರವಾಗಿ ಮರಳುವಾಗಲೂ, ಕೀನ್ಯಾದಿಂದ ಟಾಂಜಾನಿಯಾ ಅಥವಾ ದಕ್ಷಿಣ ಆಫ್ರಿಕಾಕ್ಕೆ ದಾಟುವಾಗಲೂ ಇದನ್ನು ಕೇಳುತ್ತಾರೆ.

ಈ ಲಸಿಕೆಯನ್ನು ಎಲ್ಲ ಜಿಪಿಗಳೂ ಹಾಕುವಂತಿಲ್ಲ. ಅದಕ್ಕೆಂದೇ ಮಾನ್ಯತೆ ಪಡೆದ ಕ್ಲಿನಿಕ್‌ಗೆ ಹೋಗಬೇಕು. ಮೊದಲ ಸಲ ಹಾಕಿಸಿದ 10 ದಿನದ ನಂತರವೇ ಪ್ರಮಾಣಪತ್ರ ಊರ್ಜಿತ. 2016ರಿಂದ ಅದು ಜೀವನಪರ್ಯಂತ ನಡೆಯುತ್ತದೆ, ಹಾಗಾಗಿ ಆ ಹಳದಿ ಪುಸ್ತಕವನ್ನು ಪಾಸ್‌ಪೋರ್ಟಿನಷ್ಟೇ ಜೋಪಾನ ಮಾಡಿ. ಇದು ಜೀವಂತ ಲಸಿಕೆ. ಮಕ್ಕಳಿಗೆ ದಡಾರದ ಲಸಿಕೆಯೂ ಬಾಕಿ ಇದ್ದರೆ ಎರಡನ್ನೂ ಒಂದೇ ದಿನ ಹಾಕಿಸಬೇಕು, ಇಲ್ಲವೇ ನಡುವೆ ಕನಿಷ್ಠ 4 ವಾರ ಬಿಡಬೇಕು. ಹನ್ನೆರಡು ವಾರ ಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ. ಮೊಟ್ಟೆಯ ಅಲರ್ಜಿ ಇದ್ದರೆ ಮೊದಲೇ ತಿಳಿಸಿ, ಏಕೆಂದರೆ ಈ ಲಸಿಕೆಯನ್ನು ಬೆಳೆಸುವುದು ಕೋಳಿಮೊಟ್ಟೆಯಲ್ಲಿ.

60 ದಾಟಿದವರಿಗೆ ಈ ಲಸಿಕೆಯ ಮೊದಲ ಡೋಸ್‌ನಲ್ಲಿ ಅಪರೂಪಕ್ಕೆ ತೀವ್ರ ತೊಂದರೆ ಆಗುವ ಸಂಭವ ಯುವಕರಿಗಿಂತ ಹೆಚ್ಚು. ನಮ್ಮ ಅತ್ತೆಯವರಿಗೆ ಆಗ 68. ವೈದ್ಯರು ಅವರ ಕಾಯಿಲೆಗಳ ಪಟ್ಟಿ ನೋಡಿ, "ಬೇಡದಿದ್ದರೆ ಒಳ್ಳೆಯದು" ಎಂದರು. ವೈದ್ಯರು ವಿನಾಯಿತಿ ಪತ್ರ ಕೊಡಬಹುದಾದರೂ ಅದನ್ನು ಒಪ್ಪುವುದು ಬಿಡುವುದು ಇಳಿಯುವ ದೇಶದ ಮರ್ಜಿ. ಅತ್ತೆಯವರು ಪ್ರವಾಸ ಮುಗಿಸಿ ಮೈಸೂರಿಗೆ ಮರಳಬೇಕಿತ್ತು. ಹಾಗಾಗಿ ನಾವು ಅವರನ್ನು ಬಿಡಲಿಲ್ಲ, ದೇಶವನ್ನೇ ಬದಲಿಸಿದೆವು. ದಕ್ಷಿಣ ಆಫ್ರಿಕಾ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿಲ್ಲ. ಪರ್ತ್‌ನಿಂದ ನೇರ ವಿಮಾನ, ನಡುವೆ ಬೇರೆ ಆಫ್ರಿಕನ್ ನಿಲ್ದಾಣವೂ ಇಲ್ಲ. ಮನೆಯಲ್ಲಿ ಹಿರಿಯರಿದ್ದರೆ ನೀವೂ ಹೀಗೆಯೇ ಯೋಚಿಸಿ: ಮೊದಲು ವೈದ್ಯರು, ಆಮೇಲೆ ದೇಶ, ಆಮೇಲೆ ಟಿಕೆಟ್.

ಎರಡನೆಯದು ಮಲೇರಿಯಾ. "ನಾವು ಇಂಡಿಯಾದಲ್ಲಿ ಬೆಳೆದವರು, ನಮಗೆ ಮಲೇರಿಯಾ ತಾಗದು" ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಇದು ನಿಜವಲ್ಲ. ಮಲೇರಿಯಾಕ್ಕೆ ದೇಹ ಗಳಿಸಿಕೊಳ್ಳುವ ಪ್ರತಿರೋಧ ಅಪೂರ್ಣವಾದದ್ದು, ಪದೇ ಪದೇ ಸೋಂಕು ತಗಲುತ್ತಿದ್ದರೆ ಮಾತ್ರ ಉಳಿಯುವಂಥದ್ದು. ಊರು ಬಿಟ್ಟ ಮೇಲೆ ಕರಗಿಹೋಗುತ್ತದೆ. ಬೆಂಗಳೂರು, ಮೈಸೂರಿನಲ್ಲಿ ಬೆಳೆದ ನಮ್ಮಲ್ಲಿ ಹೆಚ್ಚಿನವರಿಗೆ ಅದು ಇದ್ದದ್ದೂ ಅನುಮಾನ. ಪರ್ತ್‌ನಲ್ಲೇ ಹುಟ್ಟಿದ ಮಕ್ಕಳಿಗಂತೂ ಕೇಳುವುದೇ ಬೇಡ. ಆಫ್ರಿಕಾದಲ್ಲಿ ಹೆಚ್ಚಾಗಿರುವುದು ಫಾಲ್ಸಿಪ್ಯಾರಮ್ ಎಂಬ ಅತಿ ಅಪಾಯಕಾರಿ ಬಗೆ. ಜಗತ್ತಿನ ಮಲೇರಿಯಾ ಸಾವುಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ಆ ಖಂಡದ್ದೇ. ಚಿಕಿತ್ಸೆ ತಡವಾದರೆ ಒಂದೆರಡು ದಿನದಲ್ಲೇ ಪ್ರಾಣಕ್ಕೆ ಬರಬಹುದು.

ತಡೆಯುವ ಮಾತ್ರೆಗಳಿವೆ. ಅಟೊವಾಕ್ವೋನ್-ಪ್ರೊಗ್ವಾನಿಲ್ ಎಂಬುದನ್ನು ಹೋಗುವ 1-2 ದಿನ ಮುಂಚೆ ಶುರು ಮಾಡಿ, ಪ್ರತಿದಿನ ತೆಗೆದುಕೊಂಡು, ಮಲೇರಿಯಾ ಪ್ರದೇಶ ಬಿಟ್ಟ ಮೇಲೂ 7 ದಿನ ಮುಂದುವರಿಸಬೇಕು. ಡಾಕ್ಸಿಸೈಕ್ಲಿನ್ ಅಗ್ಗ, ಆದರೆ ಬಂದ ಮೇಲೂ 4 ವಾರ ನುಂಗಬೇಕು. 8 ವರ್ಷದೊಳಗಿನ ಮಕ್ಕಳಿಗೂ ಗರ್ಭಿಣಿಯರಿಗೂ ಸಲ್ಲದು. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಮಕ್ಕಳ ಪ್ರಮಾಣ ತೂಕದ ಮೇಲೆ. ಯಾರಿಗೆ ಯಾವುದು ಎಂಬುದನ್ನು ವೈದ್ಯರೇ ಹೇಳಬೇಕು. ಬಿಪಿ, ಸಕ್ಕರೆ, ರಕ್ತ ತೆಳುವಾಗಿಸುವ ಮಾತ್ರೆಗಳ ಪಟ್ಟಿಯನ್ನು ಅವರ ಮುಂದಿಡಿ. ತುಳಸಿ ಕಷಾಯ, ಬೆಳ್ಳುಳ್ಳಿ ಆರೋಗ್ಯಕ್ಕೆ ಒಳ್ಳೆಯದೇ, ಆದರೆ ಮಲೇರಿಯಾ ತಡೆಯುವುದಿಲ್ಲ. ಈ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ. ಸಂಜೆಯಾಗುತ್ತಲೇ ತುಂಬುತೋಳು, ಉದ್ದ ಪ್ಯಾಂಟು, ಸೊಳ್ಳೆ ನಿವಾರಕ, ರಾತ್ರಿ ಪರದೆ.

ಪುಟ್ಟ ಮಕ್ಕಳಿದ್ದರೆ, ಗರ್ಭಿಣಿಯಿದ್ದರೆ ಸುಲಭದ ದಾರಿ ಒಂದಿದೆ. ದಕ್ಷಿಣ ಆಫ್ರಿಕಾದ ಪಿಲಾನ್ಸ್‌ಬರ್ಗ್, ಮಡೀಕ್ವೆ, ಆಡೋ ಕಾಡುಗಳು ಮಲೇರಿಯಾ ಇಲ್ಲದವು. ಪಿಲಾನ್ಸ್‌ಬರ್ಗ್ ಜೊಹಾನ್ಸ್‌ಬರ್ಗ್‌ನಿಂದ ಕಾರಿನಲ್ಲಿ ಎರಡೂವರೆ ಗಂಟೆ. ಅತ್ತೆಯವರನ್ನು ಕರೆದೊಯ್ದದ್ದು ಅಲ್ಲಿಗೇ. ಆನೆ, ಘೇಂಡಾಮೃಗ, ಜಿರಾಫೆ ಯಾವುದಕ್ಕೂ ಕೊರತೆಯಾಗಲಿಲ್ಲ.

೪. ವಿಮೆ

ಮೆಡಿಕೇರ್ ಇಲ್ಲಿಗೆ ಮಾತ್ರ. ಕಾಡಿನ ನಡುವೆ ಎದೆನೋವು ಬಂದರೆ ಆಂಬ್ಯುಲೆನ್ಸ್ ಅಲ್ಲ, ವಿಮಾನವೇ ಬರಬೇಕು. ಪಶ್ಚಿಮ ಆಸ್ಟ್ರೇಲಿಯಾದಲ್ಲಿರುವ ನಮಗೆ 1928ರಲ್ಲಿ ಶುರುವಾದ ಫ್ಲೈಯಿಂಗ್ ಡಾಕ್ಟರ್ ಸೇವೆ ಗೊತ್ತೇ ಇದೆ. ಪೂರ್ವ ಆಫ್ರಿಕಾದಲ್ಲೂ ಅಂಥದ್ದೇ ಆಮ್ರೆಫ್ ಎಂಬ ಸಂಸ್ಥೆ 1957ರಿಂದ ಇದೆ. ನಿಮ್ಮ ವಿಮೆಯಲ್ಲಿ ವಿಮಾನದ ಮೂಲಕ ರೋಗಿಯನ್ನು ಸಾಗಿಸುವ ಖರ್ಚು ಸೇರಿರಲೇಬೇಕು. ಹಿರಿಯರ ಹಳೆಯ ಕಾಯಿಲೆಗಳನ್ನು ಮುಚ್ಚಿಡದೆ ಬರೆಯಿರಿ. ಮುಚ್ಚಿಟ್ಟರೆ ವಿಮೆ ಇದ್ದೂ ಇಲ್ಲದಂತೆ.

೫. ಗಂಟುಮೂಟೆ

ನಮ್ಮವರ ಲಗೇಜು ನಿಮಗೆ ಗೊತ್ತು! ಆದರೆ ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಮಾರಾಕ್ಕೆ ಹಾರುವ ಪುಟ್ಟ ವಿಮಾನಗಳಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 15 ಕಿಲೋ, ಅದೂ ಕೈಚೀಲ ಸೇರಿ. ಗಟ್ಟಿ ಸೂಟ್‌ಕೇಸ್ ಬೇಡ, ಮೆತ್ತನೆಯ ಬಟ್ಟೆಯ ಬ್ಯಾಗ್ ಇರಲಿ.

ಬಟ್ಟೆ: ಆಫ್ರಿಕಾ ಎಂದರೆ ಸೆಖೆ ಎಂದುಕೊಳ್ಳಬೇಡಿ. ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ಗೊರೊಂಗೊರೊ ಅಂಚು ಇನ್ನೂ ಎತ್ತರ. ದಕ್ಷಿಣ ಆಫ್ರಿಕಾಕ್ಕೆ ಜುಲೈ ನಮ್ಮಂತೆಯೇ ಚಳಿಗಾಲ. ಬೆಳಗಿನ ಆರು ಗಂಟೆಗೆ ತೆರೆದ ಜೀಪಿನಲ್ಲಿ ಕುಳಿತರೆ ಹಲ್ಲು ಕಟಕಟಿಸುತ್ತದೆ. ಪರ್ತ್‌ನ ಚಳಿಗಾಲದ ಜಾಕೆಟ್, ಟೋಪಿ, ಕೈಗವಸು ಸಾಕು. ಬಣ್ಣ ಖಾಕಿ, ಕಂದು, ಮಾಸಲು ಹಸಿರು ಇರಲಿ. ಕಡುನೀಲಿ ಮತ್ತು ಕಪ್ಪು ಬಣ್ಣಕ್ಕೆ ತ್ಸೆತ್ಸೆ ಎಂಬ ಕಚ್ಚುವ ನೊಣ ಹುಡುಕಿಕೊಂಡು ಬರುತ್ತದೆ. ಸೈನಿಕರ ಚಿತ್ತಾರದ ಬಟ್ಟೆ ಜಿಂಬಾಬ್ವೆ, ಜಾಂಬಿಯಾದಂಥ ದೇಶಗಳಲ್ಲಿ ಕಾನೂನುಬಾಹಿರ, ಮನೆಯಲ್ಲೇ ಬಿಡಿ.

ಪ್ಲಾಸ್ಟಿಕ್: ಚಟ್ನಿಪುಡಿ, ಅವಲಕ್ಕಿ, ಕೋಡುಬಳೆ ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟುವುದು ನಮ್ಮ ಪದ್ಧತಿ. ಕೀನ್ಯಾ 2017ರಿಂದ, ಟಾಂಜಾನಿಯಾ 2019ರಿಂದ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿವೆ. ಕೀನ್ಯಾದ ಸಂರಕ್ಷಿತ ಅರಣ್ಯಗಳಲ್ಲಿ 2020ರಿಂದ ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿಯೂ ಇಲ್ಲ. ಸ್ಟೀಲ್ ಡಬ್ಬಿ, ಬಟ್ಟೆ ಚೀಲ, ಸ್ಟೀಲ್ ಬಾಟಲಿ ತೆಗೆದುಕೊಳ್ಳಿ. ನಮ್ಮ ಅಜ್ಜಿಯರ ಕ್ರಮಕ್ಕೆ ಮರಳಿದರಾಯಿತು!

ಪ್ಲಗ್: ಕೀನ್ಯಾ, ಟಾಂಜಾನಿಯಾದಲ್ಲಿ ಇಂಗ್ಲೆಂಡಿನ ಮೂರು ಚಪ್ಪಟೆ ಕಡ್ಡಿಯ ಪ್ಲಗ್. ದಕ್ಷಿಣ ಆಫ್ರಿಕಾದಲ್ಲಿ ದಪ್ಪ ದುಂಡನೆಯ ಮೂರು ಕಡ್ಡಿಯದು, ಊರಿನ ಗೀಸರ್ ಪ್ಲಗ್‌ನಂಥದ್ದು.

ದುರ್ಬೀನು: ಮನೆಗೆ ಒಂದು ಸಾಲದು. ಸಿಂಹ ಕಂಡ ಗಳಿಗೆಯಲ್ಲಿ "ನಂಗೆ ಕೊಡು, ನಂಗೆ ಕೊಡು" ಎಂಬ ಜಗಳ ಮುಗಿಯುವಷ್ಟರಲ್ಲಿ ಸಿಂಹ ಹೋಗಿರುತ್ತದೆ. ಇಬ್ಬರಿಗೊಂದಾದರೂ ಇರಲಿ. ಡ್ರೋನ್ ಬೇಡವೇ ಬೇಡ.

ಹಣ: ಟಿಪ್ಸ್‌ಗೆ ಚಿಲ್ಲರೆ ಅಮೆರಿಕನ್ ಡಾಲರ್ ಬೇಕು, ಆದರೆ ಬಹಳ ಹಳೆಯ ಅಥವಾ ಹರಿದ ನೋಟುಗಳನ್ನು ಪೂರ್ವ ಆಫ್ರಿಕಾದಲ್ಲಿ ತೆಗೆದುಕೊಳ್ಳುವುದಿಲ್ಲ.

೬. ಊಟದ ಚಿಂತೆ

ಸಸ್ಯಾಹಾರಿಗಳಿಗೆ ಪೂರ್ವ ಆಫ್ರಿಕಾ ಹೆದರುವಷ್ಟು ಕಷ್ಟವಲ್ಲ. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲುಹಳಿ ಹಾಕಲು ಬ್ರಿಟಿಷರು ಮೂವತ್ತು ಸಾವಿರಕ್ಕೂ ಹೆಚ್ಚು ಭಾರತೀಯ ಕೂಲಿಗಳನ್ನು ಕರೆದೊಯ್ದರು. 1898ರಲ್ಲಿ ತ್ಸಾವೋ ಸೇತುವೆಯ ಬಳಿ ಎರಡು ನರಭಕ್ಷಕ ಸಿಂಹಗಳಿಗೆ ಬಲಿಯಾದವರಲ್ಲಿ ಇವರೂ ಇದ್ದರು. ಆ ಹಿಂದೆಯೇ ಗುಜರಾತಿ ವ್ಯಾಪಾರಿಗಳೂ ಬಂದರು. ಅದರಿಂದಾಗಿ ಚಪಾತಿ ಇವತ್ತು ಅಲ್ಲಿನವರ ಮನೆಯೂಟ. ಉಗಾಲಿ ಎಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಜೊತೆಗೆ ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯ, ಮಹಾರಾಗ್ವೆ ಎಂಬ ಹುರುಳಿಕಾಯಿ ಬೀಜದ ಗೊಜ್ಜು. ಮಂಡ್ಯದವರಿಗೆ ಮನೆಗೆ ಬಂದಷ್ಟೇ ಸಮಾಧಾನ. ಅಂದ ಹಾಗೆ ನಮ್ಮ ರಾಗಿಯ ತವರೂ ಪೂರ್ವ ಆಫ್ರಿಕಾದ ಎತ್ತರದ ಪ್ರದೇಶವೇ. ಅಲ್ಲಿ ಅದನ್ನು ವಿಂಬಿ ಎನ್ನುತ್ತಾರೆ, ಗಂಜಿ ಕಾಯಿಸಿ ಕುಡಿಯುತ್ತಾರೆ.

ಆದರೆ ಕಾಡಿನ ಲಾಡ್ಜ್‌ನಲ್ಲಿ ಅಂಗಡಿ ಇಲ್ಲ. "ವೆಜಿಟೇರಿಯನ್" ಎಂದಷ್ಟೇ ಬರೆದರೆ ಮೀನು ಬರಬಹುದು. ಮಾಂಸ, ಕೋಳಿ, ಮೀನು, ಮೊಟ್ಟೆ ಯಾವುದು ಬೇಡವೋ ಅದನ್ನು ಬುಕಿಂಗ್ ಮಾಡುವಾಗಲೇ ಬಿಡಿಸಿ ಬರೆಯಿರಿ.

೭. ಕಣ್ಣಿಗೆ ಪಾಠ (ಕೊನೆಯ ಆರು ವಾರ)

ಮಕ್ಕಳನ್ನು ಹಾಗೇ ಕರೆದೊಯ್ದರೆ ಎರಡನೇ ದಿನಕ್ಕೇ "ಇನ್ನೂ ಎಷ್ಟು ಹೊತ್ತು?" ಶುರು. ವಾರಕ್ಕೆ ಅರ್ಧ ಗಂಟೆ ಪಾಠ ಮಾಡಿ ನೋಡಿ.

ಕಬಿನಿಯ ಆನೆಗೂ ಆಫ್ರಿಕಾದ ಆನೆಗೂ ವ್ಯತ್ಯಾಸ ಕೇಳಿ. ನಮ್ಮ ಹೆಣ್ಣಾನೆಗೆ ಹೊರಗೆ ಕಾಣುವ ದಂತವಿಲ್ಲ. ಅಲ್ಲಿ ಗಂಡು ಹೆಣ್ಣು ಎರಡಕ್ಕೂ ಸಾಮಾನ್ಯವಾಗಿ ಇರುತ್ತದೆ, ಕಿವಿಯೂ ಬಹಳ ದೊಡ್ಡದು. ಚಿರತೆಗೂ ಚೀತಾಗೂ ವ್ಯತ್ಯಾಸ? ಚೀತಾದ ಕಣ್ಣಿನಿಂದ ಬಾಯಿಯವರೆಗೆ ಕಣ್ಣೀರಿನಂಥ ಕಪ್ಪು ಗೆರೆ. ಭಾರತದಲ್ಲಿ ಅಳಿದುಹೋಗಿದ್ದ ಚೀತಾವನ್ನು 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ ಮಧ್ಯಪ್ರದೇಶದ ಕುನೋಗೆ ತಂದ ಕಥೆಯನ್ನೂ ಹೇಳಿ. ಹುಲಿ? ಆಫ್ರಿಕಾದ ಕಾಡಿನಲ್ಲಿ ಹುಲಿಯೇ ಇಲ್ಲ!

ಅಡಿಲೇಡ್‌ನವರು ಮೊನಾರ್ಟೊ, ಬ್ರಿಸ್ಬೇನ್‌ನವರು ಆಸ್ಟ್ರೇಲಿಯಾ ಜೂ, ನಾವು ಪರ್ತ್ ಜೂಗೆ ಹೋಗಿ ದುರ್ಬೀನು ಹಿಡಿದು ಅಭ್ಯಾಸ ಮಾಡಬಹುದು. ಹಾಗೆಯೇ ಕಿಂಗ್ಸ್ ಪಾರ್ಕಿಗೆ ಹೋಗಿ, 2008ರಲ್ಲಿ ಕಿಂಬರ್ಲಿಯಿಂದ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಲಾರಿಯಲ್ಲಿ ತಂದು ನೆಟ್ಟ ದೊಡ್ಡ ಬೋವಾಬ್ ಮರ ತೋರಿಸಿ. ಅದರ ಆಫ್ರಿಕನ್ ಬಂಧುವೇ ಬಾವೊಬಾಬ್. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಜನ ದೊಡ್ಡ ಹುಣಸೆ ಎಂದು ಕರೆಯುವ ಹೆಮ್ಮರಗಳೂ ಅದೇ ಆಫ್ರಿಕನ್ ಜಾತಿಯವು. ಪರ್ತ್, ಸವಣೂರು, ಆಫ್ರಿಕಾ ಮೂರನ್ನೂ ಒಂದು ಮರದ ಕುಟುಂಬ ಜೋಡಿಸುತ್ತದೆ ಎಂದರೆ ಮಕ್ಕಳಿಗೆ ಖುಷಿ.

ನಾಲ್ಕು ಸ್ವಾಹಿಲಿ ಮಾತು ಕಲಿಸಿ. ಸಫಾರಿ ಎಂದರೆ ಪ್ರಯಾಣ. ನಮಗೆ ಗೊತ್ತಿರುವ ಸಫರ್ ಎಂಬುದರ ಸಂಬಂಧಿ. ಹಬಾರಿ ಎಂದರೆ ಸುದ್ದಿ, ಉತ್ತರ ಕರ್ನಾಟಕದ ಖಬರು. ಗಾರಿ ಎಂದರೆ ಗಾಡಿ, ದುಕಾ ಎಂದರೆ ಅಂಗಡಿ, ಸಿಂಬಾ ಸಿಂಹ, ಟೆಂಬೊ ಆನೆ, ಟ್ವಿಗಾ ಜಿರಾಫೆ, ಅಸಾಂಟೆ ಎಂದರೆ ಧನ್ಯವಾದ. ಗೈಡ್‌ಗೆ ಒಮ್ಮೆ ಅಸಾಂಟೆ ಎಂದರೆ ಅವರ ಮುಖ ಅರಳುತ್ತದೆ.

೮. ಗಾಡಿಯೊಳಗಿನ ಶಿಸ್ತು

ಕ್ರೂಗರ್ ಸುಮಾರು 19,500 ಚದರ ಕಿಲೋಮೀಟರ್. ನಮ್ಮ ನಾಗರಹೊಳೆ 643. ಅಲ್ಲಿ ಸ್ವಂತ ಕಾರಿನಲ್ಲೇ ಸುತ್ತಬಹುದು, ಎಡಬದಿಯ ಚಾಲನೆ ನಮ್ಮಂತೆಯೇ. ಡಾಂಬರು ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್, ಮಣ್ಣು ರಸ್ತೆಯಲ್ಲಿ 40 ಮಿತಿ. ಗೇಟು ಮುಚ್ಚುವ ಮೊದಲು ಕ್ಯಾಂಪ್ ಸೇರಲೇಬೇಕು. ಎಲ್ಲಿಯೇ ಆಗಲಿ, ಗಾಡಿಯಿಂದ ಇಳಿಯಬಾರದು, ಕೂಗಬಾರದು, ತಿಂಡಿ ಎಸೆಯಬಾರದು. ಮಂಗಗಳನ್ನು ಮುಟ್ಟಬಾರದು, ರೇಬೀಸ್ ಭಯ ಅಲ್ಲಿಯೂ ಇದೆ. ಪುಟ್ಟ ಮಕ್ಕಳಿಗೆ ಹಲವು ತೆರೆದ ಜೀಪುಗಳಲ್ಲಿ ಪ್ರವೇಶವಿಲ್ಲ. ವಯಸ್ಸಿನ ಮಿತಿಯನ್ನು ಮೊದಲೇ ಕೇಳಿ. ರಸ್ತೆಯ ಕುಲುಕಾಟಕ್ಕೆ ಬೆನ್ನುನೋವಿನ ಹಿರಿಯರಿಗೆ ನಡುಸಾಲಿನ ಸೀಟು, ಒಂದು ಪುಟ್ಟ ದಿಂಬು ಇರಲಿ.

೯. ಬಂದ ಮೇಲೆ

ವಿಮಾನ ಇಳಿಯುವಾಗ ಕೊಡುವ ಕಾರ್ಡಿನಲ್ಲಿ ಮರದ ಗೊಂಬೆ, ಚರ್ಮದ ತಮಟೆ, ಗರಿ, ಕಾಳು, ಉಳಿದ ತಿಂಡಿ ಎಲ್ಲವನ್ನೂ ಬರೆಯಿರಿ. ಶೂ ತಳದ ಮಣ್ಣನ್ನು ಅಲ್ಲೇ ತೊಳೆದು ಬನ್ನಿ. ಹೇಳಿದರೆ ಬಹಳವೆಂದರೆ ವಸ್ತು ಹೋಗುತ್ತದೆ, ಹೇಳದಿದ್ದರೆ ದಂಡ.

ಇನ್ನು ಅತಿ ಮುಖ್ಯವಾದದ್ದು. ಉಳಿದ ಮಲೇರಿಯಾ ಮಾತ್ರೆಗಳನ್ನು ಲೆಕ್ಕದ ದಿನ ಮುಗಿಯುವವರೆಗೆ ನುಂಗಿ. ಬಂದ ಮೇಲೆ, ವಿಶೇಷವಾಗಿ ಮೊದಲ ಮೂರು ತಿಂಗಳಲ್ಲಿ, ಯಾರಿಗೇ ಜ್ವರ ಬಂದರೂ "ಫ್ಲೂ ಇರಬೇಕು, ಎರಡು ಪ್ಯಾನಡಾಲ್ ಸಾಕು" ಎಂದು ಕೂರಬೇಡಿ. ಅದೇ ದಿನ ವೈದ್ಯರ ಬಳಿ, ರಾತ್ರಿಯಾದರೆ ಎಮರ್ಜೆನ್ಸಿಗೆ ಹೋಗಿ, "ನಾವು ಆಫ್ರಿಕಾಕ್ಕೆ ಹೋಗಿದ್ದೆವು, ಮಲೇರಿಯಾ ರಕ್ತಪರೀಕ್ಷೆ ಮಾಡಿ" ಎಂದು ಬಾಯಿಬಿಟ್ಟು ಹೇಳಿ. ಈ ಒಂದು ವಾಕ್ಯ ಪ್ರಾಣ ಉಳಿಸಬಲ್ಲದು. ಅಪ್ಪ ಅಮ್ಮ ನಿಮ್ಮ ಜೊತೆ ಬಂದು ಊರಿಗೆ ಮರಳಿದ್ದರೆ, ಅಲ್ಲಿನ ಡಾಕ್ಟರಿಗೆ ಇದನ್ನೇ ಹೇಳಬೇಕೆಂದು ಕನ್ನಡದಲ್ಲೇ ಒಂದು ಚೀಟಿ ಬರೆದು ಅವರ ಮಾತ್ರೆ ಡಬ್ಬಿಯಲ್ಲಿಡಿ. ನಾವು ದೂರದಲ್ಲಿರುತ್ತೇವೆ, ಚೀಟಿ ಹತ್ತಿರವಿರುತ್ತದೆ.

ಫ್ರಿಜ್ ಮೇಲೆ ಅಂಟಿಸಲು:

- 12 ವಾರ: ಪಾಸ್‌ಪೋರ್ಟ್, ಪಿಆರ್ ಅವಧಿ, ವೈದ್ಯರ ಭೇಟಿ; ಆಮೇಲೆ ಟಿಕೆಟ್, ವಿಮೆ
- 8 ವಾರ: ಲಸಿಕೆಗಳು, ವೀಸಾ ಅರ್ಜಿ
- 6 ವಾರ: ಮಕ್ಕಳ ಪಾಠ, ಊಟದ ಪತ್ರ
- 2 ವಾರ: ಮಾತ್ರೆ ಖರೀದಿ, ಬ್ಯಾಗ್ ತೂಕ, ಸ್ಟೀಲ್ ಡಬ್ಬಿ
- 1-2 ದಿನ: ವೈದ್ಯರು ಹೇಳಿದಂತೆ ಮಲೇರಿಯಾ ಮಾತ್ರೆ ಆರಂಭ
- ಬಂದ ಮೇಲೆ: ಮಾತ್ರೆ ಪೂರ್ತಿ, ಜ್ವರದ ಮೇಲೆ ಕಣ್ಣು

ಇಷ್ಟು ಮಾಡಿಕೊಂಡರೆ ಉಳಿದದ್ದು ಕಾಡಿಗೆ ಬಿಟ್ಟದ್ದು. ಸಿಂಹ ಕಂಡರೂ ಸೈ, ಕಾಣದಿದ್ದರೂ ಸೈ, ಹೋದವರೆಲ್ಲ ನಗುನಗುತ್ತಾ ಮನೆಗೆ ಮರಳಬೇಕು. ಹೋಗಿ ಬಂದವರು ತಪ್ಪದೆ ನಮ್ಮ ಪತ್ರಿಕೆಗೆ ಬರೆಯಿರಿ. ನಾನು ಬಿಟ್ಟದ್ದನ್ನು ನೀವು ಸೇರಿಸಿ, ಮುಂದಿನವರಿಗೆ ಅನುಕೂಲವಾದೀತು.

ನಿಮ್ಮ ಪ್ರಯಾಣ ಸುಖಕರವಾಗಲಿ!